ಡೈರೆಕ್ಟ್ ಬೇಡ, ಅಣ್ಣಾ

ಬಳ್ಳಾರಿಯಂಥ ಬಿಸಿಲೂರಿಗೆ ಗೀಸರ್ ಯಾಕೆ ಎಂದು ಹೊರಗಿನವರು ಕೇಳುತ್ತಾರೆ. ಏಪ್ರಿಲ್‌ನಲ್ಲಿ ತಾರಸಿ ಮೇಲಿನ ಟ್ಯಾಂಕಿನ ನೀರೇ ಮೈ ಸುಡುತ್ತದೆ, ನಿಜ. ಆದರೆ ಡಿಸೆಂಬರ್ ನಸುಕಿನಲ್ಲಿ ಮನೆಯ ಹಿರಿಯರಿಗೂ ಬಾಣಂತಿಗೂ ಬಿಸಿನೀರು ಬೇಕೇ ಬೇಕು. ಹಿಂದೆ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಕೆಳಗೆ ಹತ್ತಿಕಟ್ಟಿಗೆಯೋ ಬಳ್ಳಾರಿ ಜಾಲಿಯೋ ಉರಿಯುತ್ತಿತ್ತು. ಒಲೆ ಆರಿದರೆ ಕಾರಣ ಕಣ್ಣೆದುರೇ ಇರುತ್ತಿತ್ತು. ಗೋಡೆ ಮೇಲಿನ ಗೀಸರ್ ಹಾಗಲ್ಲ. ಅದು ನಿಂತರೆ, ಸ್ವಿಚ್ ಹಾಕಿದರೂ ಕೆಂಪು ದೀಪ ಹತ್ತುವುದಿಲ್ಲ, ಬೇರೇನೂ ಹೇಳುವುದಿಲ್ಲ.

ಆಗ ಕರೆಂಟು ಬರುವ ದಾರಿ ಹಿಡಿದೇ ಹುಡುಕಬೇಕು. ಮೊದಲು ಎಂಸಿಬಿ ಕೆಳಗೆ ಬಿದ್ದಿದೆಯೇ ನೋಡಬೇಕು. ಆಮೇಲೆ ಪ್ಲಗ್. ಎರಡು ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೇ 16 ಆಂಪಿಯರ್ ಸಾಕೆಟ್ ಬೇಕು. ಒಳಗಿನ ಸ್ಕ್ರೂ ಸ್ವಲ್ಪ ಸಡಿಲವಾದರೂ ಅಲ್ಲಿ ಕಾವು ಏರಿ ಪ್ಲಗ್ಗಿನ ಪಿನ್ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಇಲ್ಲೆಲ್ಲ ಸರಿಯಿದ್ದರೆ ತಪ್ಪು ಗೀಸರಿನ ಒಳಗಿದೆ. ದೀಪ ಹತ್ತಿಯೂ ನೀರು ತಣ್ಣಗಿದ್ದರೆ ಸಾಮಾನ್ಯವಾಗಿ ಕಾಯಿಲ್ ಹೋಗಿರುತ್ತದೆ. ದೀಪವೇ ಹತ್ತದಿದ್ದರೆ ಹೆಚ್ಚಾಗಿ ಕಟೌಟ್ ಬಿದ್ದಿರುತ್ತದೆ.

ಈ ಕಟೌಟಿನ ಬಗ್ಗೆಯೇ ನಾನು ಹೇಳಬೇಕಾದದ್ದು. ಗೀಸರಿನಲ್ಲಿ ಕಾವಲು ಎರಡು. ನೀರು ಹದಕ್ಕೆ ಕಾದಾಗ ಕರೆಂಟು ನಿಲ್ಲಿಸಿ, ಆರಿದಾಗ ಮತ್ತೆ ಕೊಡುವುದು ಥರ್ಮೋಸ್ಟಾಟ್. ಅದು ಸೋತು ಕಾವು ಮಿತಿಮೀರಿದರೆ ಕರೆಂಟು ಪೂರ್ತಿ ಕಡಿಯುವುದು ಕಟೌಟ್. ಹಲವು ಗೀಸರುಗಳಲ್ಲಿ ಮುಚ್ಚಳ ಬಿಚ್ಚಿ ಸಣ್ಣ ಗುಂಡಿ ಒತ್ತಿದರೆ ಮಾತ್ರ ಅದು ಮತ್ತೆ ಕೂರುತ್ತದೆ. ಸಿರುಗುಪ್ಪದ ಒಂದು ಮನೆಯಲ್ಲಿ ರಿಪೇರಿಗೆ ಬಂದ ಹುಡುಗ ಮುಚ್ಚಳ ತೆಗೆದವನೇ, "ಅಕ್ಕಾರ, ಇದು ಪದೇ ಪದೇ ಬೀಳತೈತಿ. ಡೈರೆಕ್ಟ್ ಮಾಡಿಬಿಡ್ಲೇನ್ರಿ?" ಎಂದ. ಒಂದು ತುಂಡು ವೈರಿನಿಂದ ಎರಡೂ ಕಾವಲನ್ನು ದಾಟಿಸಿಬಿಡುವುದೇ ಡೈರೆಕ್ಟ್. ಐದು ನಿಮಿಷದ ಕೆಲಸ, ನೀರೂ ಕಾಯುತ್ತದೆ. ಆಮೇಲೆ ಸ್ವಿಚ್ ಆರಿಸಲು ಮರೆತರೆ ಒಳಗಿನ ನೀರು ಕುದಿಯುತ್ತದೆ, ಉಗಿಯ ಒತ್ತಡ ಏರುತ್ತದೆ, ಒತ್ತಡ ಹೊರಬಿಡುವ ವಾಲ್ವ್ ಕಟ್ಟಿಕೊಂಡಿದ್ದರೆ ಟ್ಯಾಂಕೇ ಒಡೆಯಬಹುದು. ಮನೆಯಾಕೆ, "ಬ್ಯಾಡಪ್ಪಾ, ಯಾಕ ಬೀಳಾಕತ್ತೈತಿ ಅದನ್ನ ಮೊದಲು ನೋಡು" ಎಂದರು. ಅದೇ ಸರಿಯಾದ ಪ್ರಶ್ನೆ.

ಮೇನ್ ಆರಿಸಿ, ನೀರು ಬಸಿದು ಕಾಯಿಲ್ ಹೊರಗೆ ತೆಗೆದಾಗ ಉತ್ತರ ಕೈಗೇ ಸಿಕ್ಕಿತು. ಬೆರಳಿನಷ್ಟು ಸಣ್ಣಗಿರಬೇಕಾದ ಕೊಳವೆಗೆ ಬಿಳಿ ಸುಣ್ಣದ ಗಟ್ಟಿ ಪದರ ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರಿತು. ಆ ಮನೆಗೆ ಬೋರಿನ ನೀರು. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಕಾಯಿಸಿದ ಕೂಡಲೇ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕೂರುತ್ತದೆ. ಪದರ ದಪ್ಪವಾದಂತೆ ಕಾಯಿಲಿನ ಬಿಸಿ ನೀರಿಗೆ ಸರಿಯಾಗಿ ದಾಟುವುದಿಲ್ಲ; ಕಾಯಿಲ್ ತಾನೇ ಕೆಂಡವಾಗಿ ಕಟೌಟನ್ನು ಬೀಳಿಸುತ್ತದೆ, ಕೊನೆಗೆ ಸೀಳುತ್ತದೆ. ಸೀಳಿದರೆ ಕರೆಂಟು ನೀರಿಗೆ ಇಳಿಯುತ್ತದೆ. ನಗರದಲ್ಲಿ ಇನ್ನೊಂದು ಕಾರಣವೂ ಉಂಟು: ನಲ್ಲಿ ನೀರು ತಡವಾಗಿ ಮೇಲಿನ ಟ್ಯಾಂಕು ಬರಿದಾದಾಗ, ನಾನ್ ರಿಟರ್ನ್ ವಾಲ್ವ್ ಕೆಟ್ಟಿದ್ದರೆ ಗೀಸರಿನ ನೀರೂ ಹಿಂದಕ್ಕೆ ಇಳಿದುಹೋಗಿ ಕಾಯಿಲ್ ಒಣಗಿಯೇ ಕಾಯುತ್ತದೆ.

ಬಳ್ಳಾರಿಯಿಂದ ಹೊಸಪೇಟೆ ದಾರಿಯಲ್ಲಿ ಕುಡತಿನಿಯ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಕಾಣುತ್ತವೆ. 500 ಮೆಗಾವ್ಯಾಟಿನ ಎರಡು, 700ರ ಒಂದು, ಒಟ್ಟು 1700 ಮೆಗಾವ್ಯಾಟಿನ ಘಟಕಗಳು. ಅಲ್ಲಿಯೂ ಮೂಲ ಕೆಲಸ ನೀರು ಕಾಯಿಸುವುದೇ. ಆದರೆ ಇಂಥ ಸ್ಥಾವರಗಳಲ್ಲಿ ಬಾಯ್ಲರಿಗೆ ಬಿಡುವ ಮುನ್ನ ನೀರಿನಲ್ಲಿರುವ ಲವಣವನ್ನೆಲ್ಲ ತೆಗೆಯುತ್ತಾರೆ. ಸುಣ್ಣ ಕಟ್ಟಿದರೆ ಕೊಳವೆ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತು. ಮನೆಯಲ್ಲಿ ಅಷ್ಟು ಆಗದು. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಕಾಯಿಲ್ ತೆಗೆಸಿ ಸುಣ್ಣ ಕೆರೆಸಬಹುದು, ಥರ್ಮೋಸ್ಟಾಟನ್ನು ತಗ್ಗಿಸಿಡಬಹುದು. ಕಾವು ಕಡಿಮೆಯಾದಷ್ಟೂ ಸುಣ್ಣ ಕಟ್ಟುವುದೂ ಕಡಿಮೆ.

ಅರ್ಥಿಂಗನ್ನೂ ಮರೆಯಬಾರದು. ಕುರುಗೋಡಿನಂಥ ಬೆಟ್ಟದ ಮಗ್ಗುಲಿನ ಊರಲ್ಲಿ ನೆಲದಡಿ ಕಲ್ಲು. ಬೇಸಿಗೆಯಲ್ಲಿ ಇದ್ದಲು, ಉಪ್ಪು ತುಂಬಿದ ಅರ್ಥ್ ಗುಂಡಿ ಒಣಗಿ ನಿಂತರೆ ಸೋರಿದ ಕರೆಂಟು ನೆಲ ಸೇರುವುದಿಲ್ಲ. ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯುವ ಹಿರಿಯರ ಪದ್ಧತಿ ಎಲ್ಲ ಮನೆಗಳಲ್ಲಿ ಉಳಿಯಬೇಕು. ಜೊತೆಗೆ 30 ಮಿಲಿಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ ಇದ್ದರೆ ಜೀವಕ್ಕೆ ಕಾವಲು.

ಗೀಸರ್ ನಿಂತ ಬೆಳಗ್ಗೆ ಎಲ್ಲರಿಗೂ ಅವಸರ. ಆದರೂ ಮೆಕ್ಯಾನಿಕ್ ವೈರಿನ ತುಂಡು ಕೈಗೆತ್ತಿಕೊಂಡರೆ ತಡೆಯಿರಿ. ಅವತ್ತೊಂದು ದಿನ ಗ್ಯಾಸ್ ಮೇಲೆ ನೀರು ಕಾಯಿಸಿಕೊಳ್ಳೋಣ. ಕಟೌಟ್ ಬಿದ್ದ ಕಾರಣ ಸಿಗುವವರೆಗೆ ಸ್ವಿಚ್ ಮುಟ್ಟುವುದು ಬೇಡ.