ಸಂತಿ ಲೆಕ್ಕ: ನಾನು ಬರೆದ ಒಂದು ಸುಳ್ಳು ಎಂಟ್ರಿ

ಭಾಗ 1

ನಿಮ್ಮ ಮನೇಲಿ ತೊಗರಿ ಬೇಳೆ ಹೇಗೆ ತರ್ತಾರೆ? ಒಮ್ಮೆಲೇ ಎರಡು ಕೆಜಿನಾ, ಇಲ್ಲಾ ಅವತ್ತಿನ ಸಾರಿಗೆ ಬೇಕಾದಷ್ಟೇನಾ? ನಗಬೇಡಿ, ಸೀರಿಯಸ್ ಆಗೇ ಕೇಳ್ತಿದೀನಿ.

ನಮ್ಮೂರಲ್ಲಿ ಕೂಲಿಗೆ ಹೋಗೋ ಮನೆಗಳಲ್ಲಿ ಅವತ್ತಿನ ಪಗಾರಕ್ಕೆ ಅವತ್ತಿನ ಸಂತಿ. ಪಾವ್ ಕಿಲೋ ಬೇಳೆ, ಹತ್ತು ರೂಪಾಯಿ ಚಾ ಪುಡಿ, ಸಣ್ಣ ಪಾಕೀಟು ಎಣ್ಣೆ. ಪಾವ್ ಕಿಲೋಗೆ 40 ರೂಪಾಯಿ ಅಂದ್ರೆ ಕೆಜಿಗೆ 160 ಆಯ್ತು. ಅದೇ ಬೇಳೆ ಗದಗಿನ ಹೋಲ್‌ಸೇಲ್ ಅಂಗಡಿಯಿಂದ ಚೀಲಗಟ್ಟಲೆ ತಂದಾಗ ನಮಗೆ ಬಿದ್ದದ್ದು ಕೆಜಿಗೆ 122. ಕೈಯಲ್ಲಿ ದುಡ್ಡು ಕಡಿಮೆ ಇದ್ದೋರೇ ಜಾಸ್ತಿ ರೇಟು ಕೊಡ್ತಾರೆ. ಬಿಕಾಂ ಸೇರಿ ಎರಡು ವರ್ಷ ಆಗೋವರೆಗೂ ಈ ಭಾಗಾಕಾರ ನಾನು ಮಾಡೇ ಇರಲಿಲ್ಲ.

ಆಗ ರೇಷನ್ ಅಂಗಡೀಲಿ ಅಕ್ಕಿ ಸಿಗ್ತಿತ್ತು. ಬೇಳೆ, ಎಣ್ಣೆ, ಸಕ್ಕರೆ, ಚಾ ಪುಡಿ? ಅದಕ್ಕೆ ಹೋದ ವರ್ಷ ಅವ್ವನ ಸಂಘದ 18 ಮನೆಯವರು ಸೇರಿ ಒಂದು ಸಂತಿ ಗುಂಪು ಮಾಡಿದ್ರು. ಮನೆಗೆ ವಾರಕ್ಕೆ 150 ರೂಪಾಯಿ. ನಾಲ್ಕು ವಾರಕ್ಕೆ 600. ಎಲ್ಲ ಸೇರಿ 10,800. ತಿಂಗಳಿಗೊಮ್ಮೆ ಇಬ್ಬರು ಗದಗಿಗೆ ಹೋಗಿ ಸಾಮಾನು ಟಂಟಂನಲ್ಲಿ ಹೇರ್ಕೊಂಡು ಬರ್ತಾರೆ. ಗುಡಿ ಕಟ್ಟೆ ಮೇಲೆ ತಕ್ಕಡಿ ಇಟ್ಟು ಎಲ್ಲರ ಕಣ್ಣೆದುರೇ ತೂಗಿ ಹಂಚ್ತಾರೆ. ಗಾಡಿ ಬಾಡಿಗೆ 360, ಮನೆಗೆ 20 ಬೀಳುತ್ತೆ. ಅದನ್ನ ಕಳೆದ ಮೇಲೂ ನಮ್ಮ ಮನೆಗೆ ತಿಂಗಳಿಗೆ ನೂರು ರೂಪಾಯಿ ಮೇಲೆ ಉಳೀತಿತ್ತು. ಇಷ್ಟೇನಾ ಅನ್ನಿಸ್ತಾ? ತಿಂಗಳ ಕೊನೆ ವಾರದಲ್ಲಿ ನಮ್ಮ ಮನೆಗೆ ಬನ್ನಿ, ನೂರು ರೂಪಾಯಿ ಅಂದ್ರೆ ಏನು ಅಂತ ಅವ್ವ ಹೇಳ್ತಾಳೆ.

ಒಂದು ಮಾತು. ಅಂಗಡಿ ಕಾಕಾನ ನಾನು ಬೈತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಒಲೆ ಹೊತ್ತಿದ್ದು ಅವರ ಉದ್ರಿ ಮೇಲೆ. ಕೊಟ್ಟ ಉದ್ರಿ ಎಲ್ಲ ವಾಪಸ್ ಬರಲ್ಲ. ಆ ಲುಕ್ಸಾನನ್ನ ಅವರು ರೇಟಲ್ಲೇ ಸೇರಿಸಬೇಕು. ಅದೂ ಲೆಕ್ಕನೇ.

ಭಾಗ 2

ಪುಸ್ತಕ ಬರೆಯೋ ಕೆಲಸ ನನಗೆ ಬಂತು. "ನೀ ಕಾಮರ್ಸ್ ಓದಾಕಿ, ನೀನ ಬರಿ" ಅಂದ್ರು. ನಾನೂ ಉಬ್ಬಿ ಹೋದೆ.

ಇಂಗ್ಲೆಂಡಿನ ರೋಚ್‌ಡೇಲ್ ಕಥೆ ಕೇಳಿರ್ತೀರಲ್ಲ? 1844ರಲ್ಲಿ 28 ಜನ, ಅದರಲ್ಲಿ ನೇಕಾರರೂ ಇದ್ರು, ತಲಾ ಒಂದು ಪೌಂಡ್ ಷೇರು ಹಾಕಿ ತಮ್ಮದೇ ಅಂಗಡಿ ತೆಗೆದ್ರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟಿಂದ ಶುರು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಉದ್ರಿ ಇಲ್ಲ. ಲಾಭ ಬಂದ್ರೆ ಯಾರು ಎಷ್ಟು ಕೊಂಡಿದ್ದಾರೋ ಆ ಪ್ರಮಾಣದಲ್ಲಿ ವಾಪಸ್. ಅಷ್ಟು ದೂರ ಯಾಕೆ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರಿಗೆ ಸಾಲ ಕೊಡೋ ಸಹಕಾರಿ ಸಂಘ ಕಟ್ಟಿದ್ರು. ಇವೆರಡನ್ನೂ ಸಭೇಲಿ ಹೇಳಿ, ನಮ್ಮಲ್ಲೂ "ಉದ್ರಿ ಇಲ್ಲ" ಅಂತ ರೂಲ್ ಮಾಡಿಸಿದ್ದು ನಾನೇ.

ಆ ರೂಲ್ ಮೊದಲು ಬಂದು ಹೊಡೆದದ್ದು ನಮ್ಮ ಮನೆಗೇ.

ಭಾಗ 3

ಅಪ್ಪ ಗೌಂಡಿ. ಐದನೇ ತಿಂಗಳು ಅವರಿಗೆ ಮೂರು ವಾರ ಪಗಾರ ಬರಲಿಲ್ಲ. ಎರಡು ವಾರದ ದುಡ್ಡು ಕಟ್ಟೋಕಾಗಲಿಲ್ಲ. "ಈ ಸಲ ನಮ್ಮ ಸಂತಿ ಅರ್ಧಾ ಹಿಡಿ, ಮುಂದಿನ ತಿಂಗಳ ನೋಡೋಣು" ಅಂದಳು ಅವ್ವ. ನಾನು ಹೂಂ ಅಂದೆ. ಆದ್ರೆ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಪೂರ್ತಿ 600 ಜಮಾ ಬರೆದೆ. 17 ಮನೆ ಮುಂದೆ ಅರ್ಧ ಚೀಲ ಹಿಡ್ಕೊಂಡು ನಿಲ್ಲೋಕೆ ನನಗೆ ನಾಚಿಕೆ. ಅವ್ವನಿಗಲ್ಲ, ನನಗೆ.

300 ರೂಪಾಯಿ ಕೊರತೆ ಮುಚ್ಚೋಕೆ ಖರ್ಚಿನ ಕಡೆ ಗಾಡಿ ಬಾಡಿಗೆ 360 ಇದ್ದದ್ದನ್ನ 660 ಮಾಡಿದೆ. ಪುಸ್ತಕ ಪಕ್ಕಾ ಟ್ಯಾಲಿ ಆಯ್ತು. ಟ್ರಯಲ್ ಬ್ಯಾಲೆನ್ಸ್ ಸರಿ ಬಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ ಅಂತ ಫಸ್ಟ್ ಇಯರ್‌ನಲ್ಲೇ ಹೇಳಿಕೊಡ್ತಾರೆ. ಪರೀಕ್ಷೇಲಿ ಚೆನ್ನಾಗೇ ಬರೆದಿದ್ದೆ.

ಆ ತಿಂಗಳು ಪ್ರತಿ ಮನೆಗೂ ಸಕ್ಕರೆ 400 ಗ್ರಾಂನಷ್ಟು ಕಡಿಮೆ ಬಂತು.

ನಮ್ಮ ಓಣಿಯ ಒಬ್ಬ ಅಜ್ಜಿಗೆ ಓದು ಬರಲ್ಲ, ಆದ್ರೆ ಕೈಯಲ್ಲೇ ತೂಕ ಗೊತ್ತಾಗುತ್ತೆ. ಗಂಟು ಎತ್ತಿ ನೋಡಿ, "ಯವ್ವಾ, ಸಕ್ಕರಿ ಯಾಕ ಕಡಿಮಿ ಐತಿ?" ಅಂದಳು.

"ಗಾಡಿ ಬಾಡಿಗಿ ಏರೇತಿ ಅಜ್ಜಿ."

"ಹೌದಾ? ಅಂವ ನಮ್ಮ ಓಣ್ಯಾಂವನ ಅದಾನ. ನಾಳಿ ಕೇಳತೀನಿ ತಡಿ ಅವಗ."

ನನ್ನ ಸುಳ್ಳು ಏನೂ ತಿಳಿಯದ ಟಂಟಂ ಅಣ್ಣನ ತಲೆ ಮೇಲೆ ಹೋಗಿ ಕೂತಿತ್ತು. ಆ ರಾತ್ರಿ ಅವ್ವನಿಗೆ ಎಲ್ಲ ಹೇಳಿದೆ. ಹೊಡೀತಾಳೆ ಅನ್ಕೊಂಡಿದ್ದೆ. ಹೊಡೀಲಿಲ್ಲ. ರೊಟ್ಟಿ ಬಡಿಯೋದು ನಿಲ್ಲಿಸಿ ಅಂದಳು: "ರೊಕ್ಕ ಇಲ್ಲ ಅಂದ್ರ ಬಡತನ ಅಂತಾರ. ನೀ ಮಾಡಿದ್ದಕ್ಕ ಏನಂತಾರ ಗೊತ್ತೈತಿಲ್ಲ? ಬೆಳಿಗ್ಗೆ ಎದ್ದ ಕೂಡ್ಲೆ ಅಜ್ಜಿ ಮನಿಗೆ ಹೋಗು."

ಭಾಗ 4

ಹೋದೆ. ಸಂಜೆ ಸಭೇಲೂ ಹೇಳಿದೆ. ಫಿಲ್ಮಿ ಥರ ಎಲ್ಲರೂ ಎದ್ದು ಅಪ್ಪಿಕೊಂಡ್ರು ಅನ್ಕೋಬೇಡಿ. ಒಬ್ಬ ಚಿಗವ್ವ "ಪುಸ್ತಕ ಕಸಗೊಳ್ರಿ ಅಕಿ ಕೈಲಿಂದ" ಅಂದ್ರು. ಒಂದು ಮನೆ ಗುಂಪನ್ನೇ ಬಿಟ್ಟಿತು, ಇನ್ನೂ ವಾಪಸ್ ಬಂದಿಲ್ಲ. ದಾರೀಲಿ ಸಿಕ್ರೆ ಈಗಲೂ ನಾನೇ ಮುಖ ತಗ್ಗಿಸ್ತೀನಿ.

ಆದ್ರೆ ಅಜ್ಜಿ ಕೇಳಿದ ಒಂದು ಪ್ರಶ್ನೆ ಸಭೆನೇ ತಿರುಗಿಸ್ತು: "ಈ ಹುಡುಗಿ ಬರದಾಳ, ಸಿಕ್ಕಾಳ. ರೊಕ್ಕ ಇಲ್ಲಂತ ಸುಮ್ಮನ ಮನ್ಯಾಗ ಕುಂತಾರ ಎಷ್ಟ ಮಂದಿ ಅದೀರಿ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂರು ಕೈ ಮೇಲೆ ಬಂತು. ಕಷ್ಟದ ಮನೆಗೆ ಅಂತ ಮಾಡಿದ ಗುಂಪಿಂದ, ಕಷ್ಟ ಬಂದ ತಿಂಗಳೇ ಅವರು ಹೊರಗೆ. ನಾನು ಹೆಮ್ಮೆಯಿಂದ ತಂದ ರೂಲ್ ಮಾಡಿದ ಕೆಲಸ ಅದು.

ಈಗ ಹೀಗಿದೆ. ಪ್ರತಿ ಮನೆ ವಾರಕ್ಕೆ ಇನ್ನೂ 10 ರೂಪಾಯಿ ಒಂದು ಡಬ್ಬಿಗೆ ಹಾಕುತ್ತೆ. ಕಟ್ಟೋಕಾಗದವರು ಅದರಿಂದ 300ರವರೆಗೆ ತಗೊಂಡು ಎರಡು ತಿಂಗಳಲ್ಲಿ ವಾಪಸ್ ಹಾಕಬೇಕು. ಬಡ್ಡಿ ಇಲ್ಲ, ಹೆಸರು ಸಭೇಲಿ ಓದಲ್ಲ. ದುಡ್ಡು ಎಣಿಸೋರು ಒಬ್ಬರು, ಬರೆಯೋರು ಇನ್ನೊಬ್ಬರು, ಬಾಡಿಗೆಗೆ ಗಾಡಿ ಅಣ್ಣನ ಸಹಿ. ಬರೆಯೋದು ಇವತ್ತಿಗೂ ನಾನೇ, ಆದ್ರೆ ದುಡ್ಡು ಮುಟ್ಟಲ್ಲ. ಅಪ್ಪನ ಪಗಾರ ಬಂದ ಮೇಲೆ 300 ಕಟ್ಟಿದ್ವಿ. ಮುಂದಿನ ತಿಂಗಳು ಎಲ್ಲರ ಸಕ್ಕರೆ ಅವರವರ ಮನೆ ಸೇರಿತು. ತಪ್ಪು ಎಂಟ್ರಿ ಹರಿದು ಹಾಕಿಲ್ಲ. ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿ ಲೆಕ್ಕ ಬರೆದು ನನ್ನ ಸಹಿ ಹಾಕಿದೀನಿ. ಯಾರು ಬೇಕಾದ್ರೂ ತೆಗೆದು ನೋಡಬಹುದು.

ಇದನ್ನ ಇಲ್ಲಿ ಯಾಕೆ ಹಾಕ್ತಿದೀನಿ ಅಂದ್ರೆ, ನಿಮ್ಮಲ್ಲೂ ಸುಮಾರು ಜನ ಅವ್ವಂದಿರ ಸಂಘದ ಪುಸ್ತಕ ಬರೀತೀರಿ ಅಂತ ನನಗೆ ಗೊತ್ತು. ಬರೀರಿ. ಆದ್ರೆ ದುಡ್ಡು ಬೇರೆಯವರು ಎಣಿಸಲಿ. ಮತ್ತೆ ಈ ವಾರ ಯಾರು ಬಂದಿಲ್ಲ ಅಂತ ಒಮ್ಮೆ ಕಣ್ಣಾಡಿಸಿ. ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲ್ಲ.

ನಿಮ್ಮೂರಲ್ಲಿ ಪಾವ್ ಕಿಲೋ ಬೇಳೆ ಎಷ್ಟು? ಕಾಮೆಂಟಲ್ಲಿ ಹಾಕಿ. ಭಾಗಾಕಾರ ನಾನು ಮಾಡ್ತೀನಿ.

#ಸಂತಿಲೆಕ್ಕ #ನಮ್ಮಗದಗ #ಬಿಕಾಂಡೈರಿ