ಅಜ್ಜ ಹೋದದ್ದು ಬುಧವಾರವೋ ಗುರುವಾರವೋ?

ಅಜ್ಜ ತೀರಿಕೊಂಡದ್ದು ನವೆಂಬರಿನ ಒಂದು ಗುರುವಾರ, ನಸುಕಿನ 4 ಗಂಟೆ 6 ನಿಮಿಷಕ್ಕೆ. ಮರಣಪತ್ರದಲ್ಲೂ ಹಾಗೇ ಇದೆ. ಆದರೆ ಕುಕನೂರಿನ ನಮ್ಮ ಮನೆಯಲ್ಲಿ ಅಜ್ಜಿ ಇವತ್ತಿಗೂ ಹೇಳೋದು "ಬುಧವಾರ ಹೋದ್ರು" ಅಂತಲೇ.

ತಕರಾರು ಶುರುವಾಗಿದ್ದು ಮೊದಲ ಶ್ರಾದ್ಧಕ್ಕೆ. ಪುಣೆಯಲ್ಲಿರೋ ಕಾಕಾ, "ಪ್ರತಿ ವರ್ಷ ತಾರೀಖಿಗೇ ಮಾಡೂಣು, ರಜಾ ಹಾಕಲಿಕ್ಕೆ ಅನುಕೂಲ ಆಗ್ತದ" ಅಂದರು. ಅಜ್ಜಿಗೆ ಸಿಟ್ಟು ಬಂತು. "ಹೊತ್ತು ಹುಟ್ಟೂತನಕಾ ಹಿಂದಿನ ದಿನಾನೇ ಇರ್ತದಪಾ. ನಿಮ್ಮಪ್ಪಗ ತಿಥಿ ಇಲ್ಲೇನು?" ಎರಡು ದಿನ ತಾಯಿ-ಮಗನ ನಡುವೆ ಮಾತಿಲ್ಲ. ಮೂರನೇ ದಿನ ಪಂಚಾಂಗ ನನ್ನ ಕೈಗೆ ಬಂತು. "ತಮ್ಮಾ, ಕಂಪ್ಯೂಟರ್ ಕಲ್ತೀಯಲ್ಲ, ನೀನs ಲೆಕ್ಕಾ ಹಾಕು."

ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅದರಲ್ಲಿ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. (ಹಿಂದೆ ತಳದಲ್ಲಿ ತೂತಿರೋ ತಾಮ್ರದ ಬಟ್ಟಲನ್ನು ನೀರಲ್ಲಿ ತೇಲಿಬಿಡ್ತಿದ್ರು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಎಂಥಾ ಸರಳ ಟೈಮರ್ ನೋಡಿ!) ಬುಧವಾರದ ಸೂರ್ಯೋದಯ 6:30. ಅಲ್ಲಿಂದ ಅಜ್ಜನ ಕೊನೆಯುಸಿರಿಗೆ 21 ಗಂಟೆ 36 ನಿಮಿಷ, ಅಂದರೆ ಸರಿಯಾಗಿ 54 ಗಳಿಗೆ. ಬುಧವಾರದ ಸಾಲಿನಲ್ಲಿ ಅಷ್ಟಮಿ 52 ಗಳಿಗೆಗೇ ಮುಗಿದಿತ್ತು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದಾಗಲೊಮ್ಮೆ ತಿಥಿ ಬದಲಾಗುತ್ತೆ, ಅದು ಬೆಳಗಾಗೋದನ್ನ ಕಾಯೋದಿಲ್ಲ.

ಹಾಗಾಗಿ ವಾರ ಬುಧವಾರ, ತಿಥಿ ಮಾತ್ರ ಕಾರ್ತಿಕ ಬಹುಳ ನವಮಿ. ಮರುದಿನ ಸೂರ್ಯೋದಯಕ್ಕೂ ನವಮಿಯೇ ಇದ್ದದ್ದರಿಂದ ಕ್ಯಾಲೆಂಡರಿನಲ್ಲಿ ಅದು ಗುರುವಾರದ ತಿಥಿ! ಅಜ್ಜಿಗೆ ಅರ್ಧ, ಕಾಕಾಗೆ ಅರ್ಧ :)

ಕಾಕಾನ ರಜೆಯ ಕಷ್ಟ ಮಾತ್ರ ಹಾಗೇ ಉಳಿಯಿತು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಆದ್ದರಿಂದ ನವಮಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತೆ. 2023ರ ಅಧಿಕ ಶ್ರಾವಣದಂಥದು ನಡುವೆ ಬಂದರೆ ಮತ್ತೆ ಮುಂದಕ್ಕೆ ಜಿಗಿಯುತ್ತೆ. ಒಂದು ರಾತ್ರಿ ಕೂತು ಸಣ್ಣ ಪ್ರೋಗ್ರಾಂ ಬರೆದೆ. ಶ್ರಾದ್ಧಕ್ಕೆ ಸೂರ್ಯೋದಯದ ತಿಥಿ ಸಾಲದು, ಅಪರಾಹ್ನದಲ್ಲಿ ಇರೋ ತಿಥಿ ಬೇಕು. ಹಗಲನ್ನ ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ. ಆ ಪಾಲು ಊರಿನ ಸೂರ್ಯನ ಮೇಲೆ ನಿಂತಿದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕುಕನೂರು ಇರೋದು ಸುಮಾರು 76ರಲ್ಲಿ. ನಮ್ಮ ಸೂರ್ಯ ಗಡಿಯಾರಕ್ಕಿಂತ 26 ನಿಮಿಷ ಹಿಂದೆ!

ಹತ್ತು ವರ್ಷದ ತಾರೀಖುಗಳ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟೆ. ಕಾಕಾ ಅದನ್ನು ಫೋನಿಗೆ ಹಾಕಿಕೊಂಡರು. ಅಜ್ಜಿ ಪಂಚಾಂಗದ ಹಾಳೆಗಳ ನಡುವೆ ಮಡಚಿಟ್ಟಿದ್ದಾಳೆ, ಆದರೂ ಪ್ರತಿ ವರ್ಷ ಆಚಾರ್ರನ್ನ ಒಮ್ಮೆ ಕೇಳಿಯೇ ಕೇಳ್ತಾಳೆ.

ನಿಮ್ಮ ಮನೆಗಳಲ್ಲಿ ಹೇಗೆ, ತಾರೀಖೋ ತಿಥಿಯೋ?