ಬೈಟಿಗೊಂದು ಜಾಗ

ರಾತ್ರಿ ಊಟ ಮುಗಿದು ಮನೆ ಸದ್ದಡಗಿದ ಮೇಲೆ, ಸಿ ಭಾಷೆಯಲ್ಲಿ ಪ್ಯಾಕೆಟ್ ಕಟ್ಟುತ್ತ ಕೂರುವುದು ನನಗೆ ಬಹಳ ವರ್ಷಗಳ ಪ್ರೀತಿ. ಬಾಳೆಲೆಯ ಮೇಲೆ ಉಪ್ಪಿಗೊಂದು, ಕೋಸಂಬರಿಗೊಂದು ಜಾಗ ಇದ್ದಂತೆ ಪ್ರೋಟೊಕಾಲ್‌ನಲ್ಲಿ ಬೈಟಿಗೊಂದು ಜಾಗ. ಐಪಿವಿ4 ಹೆಡರಿನ ಮೊದಲ 20 ಬೈಟುಗಳಲ್ಲಿ ಕೊನೆಯ 8 ವಿಳಾಸಗಳಿಗೆ ಮೀಸಲು: ಮೊದಲು ಕಳಿಸಿದವರದು, ಆಮೇಲೆ ತಲುಪಬೇಕಾದವರದು. 1981ರಲ್ಲಿ ಬರೆದಿಟ್ಟ ಈ ಪಂಕ್ತಿ ಇವತ್ತಿಗೂ ಕದಲಿಲ್ಲ.

ಕಂಪೈಲರ್‌ಗೆ ಮಾತ್ರ ತನ್ನದೇ ಲೆಕ್ಕ. ಒಂದು ಬೈಟಿನ ‘ಬಗೆ’, ಅದರ ಹಿಂದೆ ನಾಲ್ಕು ಬೈಟಿನ ‘ಉದ್ದ’ ಎಂದು ಸ್ಟ್ರಕ್ಟ್ ಬರೆದರೆ ನಾವು ಎಣಿಸುವುದು 5. ಸೈಜ್‌ಆಫ್ ಹೇಳುವುದು ಸಾಮಾನ್ಯವಾಗಿ 8. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಕೂತರೆ ಪ್ರೊಸೆಸರ್‌ಗೆ ಎತ್ತಿಕೊಳ್ಳಲು ಸಲೀಸು. ಅದಕ್ಕೇ ನಡುವೆ 3 ಬೈಟು ಪ್ಯಾಡಿಂಗ್. ಎತರ್‌ನೆಟ್ ಹೆಡರ್ 14 ಬೈಟು. ಹಿಂದೆ ಬರುವ ಐಪಿ ಹೆಡರ್ ಸರಿಯಾಗಿ 16ಕ್ಕೆ ಕೂರಲೆಂದು ಲಿನಕ್ಸ್‌ನ ಹಲವು ಡ್ರೈವರುಗಳು ಮುಂದೆಯೇ 2 ಬೈಟು ಜಾಗ ಬಿಡುತ್ತವೆ. ಆ ಎರಡು ಬೈಟಿನ ಮುಂದಾಲೋಚನೆ ನೆನೆದಾಗಲೆಲ್ಲ ಮನಸ್ಸು ಅರಳುತ್ತದೆ.

ಮೊದಮೊದಲು ನಾನು ಸ್ಟ್ರಕ್ಟ್‌ಗೆ ‘ಪ್ಯಾಕ್ಡ್’ ಎಂದು ಬರೆದು ಬಫರಿನ ಮೇಲೆ ಹೊದಿಸಿಬಿಡುತ್ತಿದ್ದೆ. ಪ್ಯಾಡಿಂಗ್ ಹೋಯಿತು, ಆದರೆ ಪೋರ್ಟ್ 80 ಆಚೆ ಬದಿಗೆ 20480 ಆಗಿ ತಲುಪಿತು. ನೆಟ್‌ವರ್ಕ್ ದೊಡ್ಡ ಸ್ಥಾನದ ಬೈಟನ್ನು ಮೊದಲು ಕೇಳುತ್ತದೆ, ನನ್ನ ಇಂಟೆಲ್ ಯಂತ್ರ ಚಿಕ್ಕ ಸ್ಥಾನದ್ದನ್ನು ಮೊದಲು ಇಟ್ಟಿತ್ತು. ಡ್ಯಾನಿ ಕೋಹೆನ್ 1980ರಲ್ಲಿ ಗಲಿವರನ ಕಥೆಯ ಮೊಟ್ಟೆ ಒಡೆಯುವ ಜಗಳದಿಂದ ಹೆಸರು ತಂದು ಕರೆದ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಇವೇ. ಅದೇ ಸ್ಟ್ರಕ್ಟ್‌ನ ಒಳಗೆ, ಪ್ಯಾಡಿಂಗ್ ಹೋದದ್ದರಿಂದ ನಾಲ್ಕರಿಂದ ಭಾಗವಾಗದ ವಿಳಾಸದಲ್ಲಿ ಕೂತಿದ್ದ ‘ಉದ್ದ’ಕ್ಕೆ ಪಾಯಿಂಟರ್ ಹಿಡಿದು ಓದಿದ ಕೋಡು, ಸ್ಪಾರ್ಕ್ ಯಂತ್ರದಲ್ಲಿ ಬಸ್ ಎರರ್ ಎಂದು ಅಲ್ಲೇ ಕುಸಿಯಿತು.

ಈಗ ಕೈಯಾರೆ ಬಡಿಸುತ್ತೇನೆ. ಸಂಖ್ಯೆಯನ್ನು 8 ಬಿಟ್ ಬಲಕ್ಕೆ ಸರಿಸಿ ಮೇಲಿನ ಬೈಟ್ ಇಡುತ್ತೇನೆ, ಪಕ್ಕದಲ್ಲಿ ಕೆಳಗಿನದು. ಓದುವಾಗಲೂ ಒಂದೊಂದೇ ಬೈಟ್ ಎತ್ತಿ, ಎಡಕ್ಕೆ ಸರಿಸಿ, ಕೂಡಿಸುತ್ತೇನೆ. ಸರಿಸುವುದು ಸಂಖ್ಯೆಯ ಬೆಲೆಯನ್ನು. ಅದು ಮೆಮೊರಿಯಲ್ಲಿ ಯಾವ ಕ್ರಮದಲ್ಲಿ ಕೂತಿದೆ ಎಂದು ಕೋಡು ಕೇಳುವುದೇ ಇಲ್ಲ. ಯಂತ್ರದ ಸ್ವಭಾವವನ್ನು ನಂಬಿಕೊಳ್ಳದ ಕೋಡಿಗೆ ಎಲ್ಲ ಯಂತ್ರವೂ ತವರು. ನಾಲ್ಕು ಸಾಲು ಹೆಚ್ಚು ಬರೆಯಬೇಕು ನಿಜ. ಆ ಸಾಲುಗಳನ್ನು ಬರೆಯುವುದರಲ್ಲೇ ನನಗೆ ಸುಖ.

ಬರೆದಾದ ಮೇಲೆ ಎರಡು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿ, ಹೋದ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ತೆರೆದು ಪೋರ್ಟಿನ ಜಾಗಕ್ಕೆ ಕಣ್ಣು ಹಾಯಿಸುತ್ತೇನೆ. ಎರಡರಲ್ಲೂ 00 50: ಹದಿನಾರರ ಲೆಕ್ಕದಲ್ಲಿ ಬರೆದ 80. ಆಮೇಲೆ ದೀಪ ಆರಿಸಿ ಮಲಗುತ್ತೇನೆ.